ಐದು ನಕ್ಷತ್ರಗಳ ಪಂಚಾಂಗ

ನನ್ನ ಸಂಶೋಧನೆ ಕನ್ನಡ ಸುದ್ದಿತಾಣಗಳ ತಲೆಬರಹಗಳ ಮೇಲೆ. ಬೆಳಗ್ಗೆ ಆರಕ್ಕೆ ಇದ್ದ ತಲೆಬರಹ ಹತ್ತಕ್ಕೆ ಹಾಗೇ ಇರುತ್ತದೆಂದು ಹೇಳಲಾಗದು. ಒಂದು ಪದ ಮೆತ್ತಗಾಗಿರುತ್ತದೆ, ಒಂದು ಹೆಸರು ಮಾಯವಾಗಿರುತ್ತದೆ. ಆ ಹೊತ್ತಿಗೇ ಹಿಡಿದಿಡದಿದ್ದರೆ ಆಮೇಲೆ ಹುಡುಕಿ ತೆಗೆಯುವುದು ಕಷ್ಟ. ದಿನವೂ ಆರಕ್ಕೆ ಎದ್ದು ಕೂರುವವರು ಯಾರು? ಜಾವಾಸ್ಕ್ರಿಪ್ಟಿನ ಪುಟ್ಟ ಪ್ರೋಗ್ರಾಮೊಂದಕ್ಕೆ ಆ ಕೆಲಸ ಒಪ್ಪಿಸಿದೆ. ಕ್ರಾನ್ ಪರಿಚಯವಾದದ್ದು ಹಾಗೆ.

ಯುನಿಕ್ಸ್‌ ಕಾಲದಿಂದ ಬಂದ, ನನಗಿಂತ ಹಳೆಯ ಬರವಣಿಗೆ ಇದು. ಒಂದು ಸಾಲಿನಲ್ಲಿ ಐದು ಮನೆಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ನಕ್ಷತ್ರ ಚಿಹ್ನೆ ಇಟ್ಟರೆ ‘ಯಾವುದಾದರೂ ಸರಿ’ ಎಂದರ್ಥ. ಭಾನುವಾರ ಸೊನ್ನೆ. ಹಾಗಾಗಿ ‘0 6 * * 1’ ಎಂದರೆ ಪ್ರತಿ ಸೋಮವಾರ ಬೆಳಗ್ಗೆ ಆರು. ನೋಡ್-ಕ್ರಾನ್ ಲೈಬ್ರರಿಯಲ್ಲಿ ಮುಂದುಗಡೆ ಆರನೆಯ ಮನೆ ಕಟ್ಟಿಕೊಂಡರೆ ಅದು ಸೆಕೆಂಡಿನದು.

ಪಂಚಾಂಗಕ್ಕೂ ಐದೇ ಅಂಗ: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಎರಡರಲ್ಲೂ ಇರುವುದು ವಾರ ಮಾತ್ರ. (ನಕ್ಷತ್ರವೂ ಇದೆಯಲ್ಲ ಎನ್ನಬೇಡಿ!) ನಮ್ಮಜ್ಜಿಯ ದಿನ ಸೂರ್ಯೋದಯಕ್ಕೆ ಶುರು, ಕ್ರಾನ್‌ನದು ನಡುರಾತ್ರಿಗೆ. ಚಂದ್ರನಿಗೆ ಇಲ್ಲಿ ಜಾಗವಿಲ್ಲ. ಯುಗಾದಿಯನ್ನು ಈ ಐದು ಮನೆಗಳಲ್ಲಿ ಬರೆಯಲು ಬರುವುದಿಲ್ಲ.

ಓದಲು ಸುಲಭ ಅನ್ನಿಸುವ ಕಡೆಯೇ ಇದು ಕೈಕೊಡುವುದು. ನಿಮಿಷದ ಮನೆಯಲ್ಲಿ ‘*/45’ ಕಂಡರೆ ನಲವತ್ತೈದು ನಿಮಿಷಕ್ಕೊಮ್ಮೆ ಎಂದುಕೊಳ್ಳುತ್ತೇವೆ. ಅದು ಓಡುವುದು ಪ್ರತಿ ಗಂಟೆಯ 0 ಮತ್ತು 45ನೇ ನಿಮಿಷಕ್ಕೆ. ಒಮ್ಮೆ ನಲವತ್ತೈದರ ಅಂತರ, ಮತ್ತೊಮ್ಮೆ ಹದಿನೈದರದು. ಇನ್ನು ಬಾಡಿಗೆ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಸೋಮವಾರದ ಬೆಳಗಿನ ಐದು ಅದಕ್ಕೆ ಭಾನುವಾರ ರಾತ್ರಿ 11.30. ಗಂಟೆ ತಿದ್ದಿದರೆ ಸಾಲದು, ವಾರವನ್ನೂ ತಿದ್ದಬೇಕು. ‘ಏಷ್ಯಾ/ಕೋಲ್ಕತಾ’ ಎಂದು ಕಾಲವಲಯ ಕೊಟ್ಟುಬಿಟ್ಟರೆ ಈ ಕೂಡು-ಕಳೆಯುವ ಗೋಳಿಲ್ಲ.

ನನ್ನನ್ನು ನಿಜಕ್ಕೂ ಕಾಡುವುದು ಬೇರೆ. ನೋಡ್-ಕ್ರಾನ್ ತಾನಿರುವ ಪ್ರೋಗ್ರಾಮು ಜೀವಂತ ಇರುವಷ್ಟು ಹೊತ್ತು ಮಾತ್ರ ಎಚ್ಚರ. ಹಾಸ್ಟೆಲಿನಲ್ಲಿ ಕರೆಂಟು ಹೋಗಿ ಲ್ಯಾಪ್‌ಟಾಪ್ ಆರಿದ ಬೆಳಗ್ಗೆ ಅದು ಯಾರಿಗೂ ದೂರು ಹೇಳುವುದಿಲ್ಲ. ಕರೆಂಟು ಬಂದ ಮೇಲೆ ತಪ್ಪಿದ್ದನ್ನು ಹಿಂದಿರುಗಿ ಮಾಡುವುದೂ ಇಲ್ಲ. ಕೋಷ್ಟಕದಲ್ಲಿ ಆ ದಿನ ಖಾಲಿ. ತಲೆಬರಹ ಬದಲಾಗದ ದಿನವೂ ಮೊದಲು ಹಾಗೇ ಖಾಲಿ ಕಾಣುತ್ತಿತ್ತು. ನನ್ನ ಪ್ರಬಂಧದ ವಾದವೆಲ್ಲ ನಿಂತಿರುವುದು ಇವೆರಡರ ವ್ಯತ್ಯಾಸದ ಮೇಲೆಯೇ. ಈಗ ಪ್ರೋಗ್ರಾಮು ಓಡಿದಾಗಲೆಲ್ಲ, ಏನೂ ಸಿಗದಿದ್ದರೂ, ‘ಬಂದು ನೋಡಿದೆ’ ಎಂದು ಒಂದು ಸಾಲು ಬರೆದಿಟ್ಟು ಹೋಗುತ್ತದೆ.