ಹದಿಮೂರನೆಯ ಅಂಕಿ

ಮೈಸೂರಿನ ಹಳೆಯ ಬಡಾವಣೆಯೊಂದರ ದಿನಸಿ ಅಂಗಡಿಯಲ್ಲಿ ನಲವತ್ತೊಂದು ವರ್ಷಗಳಿಂದ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಯಜಮಾನರ ಲೆಕ್ಕ ತಪ್ಪಬಹುದೆಂದು ಯಾರೂ ಶಂಕಿಸಿರಲಿಲ್ಲ. ಅವರಂತೂ ಸರಿಯೇ ಸರಿ. ಕಾಗದದ ಮೇಲೆ ಗೀಚಿ ಕೂಡುವವರನ್ನು ಕಂಡರೆ ಅವರಿಗೆ ಒಳಗೊಳಗೇ ಕನಿಕರ. ಹೀಗಿರಲು, ಒಂದು ದೀಪಾವಳಿಯ ಹಿಂದಿನ ವಾರ, ಅಂಗಡಿ ತೆರೆದಂದಿನಿಂದಲೂ ಬರುತ್ತಿದ್ದ ಮೇಷ್ಟ್ರ ಮನೆಯಾಕೆಗೆ ಒಂದೇ ಎಣ್ಣೆಯ ಪೊಟ್ಟಣಕ್ಕೆ ಎರಡು ಸಲ ಹಣ ಹಿಡಿದುಬಿಟ್ಟರು. ಆಕೆ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಹಣ ಹಿಂದಕ್ಕೆ ಪಡೆಯುತ್ತ, “ವಯಸ್ಸಾಯಿತಲ್ಲ, ಹೋಗಲಿ ಬಿಡಿ” ಎಂದು ನಕ್ಕರು. ಆ ಕ್ಷಮೆ ಯಜಮಾನರ ಎದೆಯಲ್ಲಿ ಮುಳ್ಳಾಗಿ ನಿಂತಿತು.

ನಾಲ್ಕು ದಿನಗಳ ನಂತರ ಮಗ ಒಂದು ಪೆಟ್ಟಿಗೆ ತಂದ. ಒಳಗಿದ್ದುದು ಪಿಸ್ತೂಲಿನ ಆಕಾರದ, ತಂತಿಯಿಲ್ಲದ ಬಾರ್‌ಕೋಡ್ ಸ್ಕ್ಯಾನರ್. ತಂದೆಯ ಕಣ್ಣಿಗೆ ಅದು ನಿವೃತ್ತಿಯ ಆಜ್ಞಾಪತ್ರದಂತೆಯೇ ಕಂಡಿತು. ಅವರು ಏನೂ ಹೇಳದೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು.

ಆ ಯಂತ್ರವಾದರೋ ಮಗನಿಗೂ ಸುಲಭವಾಗಿ ಮಣಿಯಲಿಲ್ಲ. ಅದಕ್ಕೆ ಕೀಲಿಗಳಿಲ್ಲ, ಪರದೆಯಿಲ್ಲ. ಇರುವುದು ಒಂದು ಗುಂಡಿ, ಒಂದು ಕಣ್ಣು. ಆದುದರಿಂದ ಅದಕ್ಕೆ ಕಲಿಸಬೇಕಾದ ಪಾಠವನ್ನೆಲ್ಲ ಅದರ ಲಿಪಿಯಲ್ಲಿಯೇ ಬರೆದು ತೋರಿಸಬೇಕು. ಜೊತೆಗೆ ಬಂದ ಕೈಪಿಡಿಯ ಪುಟಪುಟದಲ್ಲೂ ಕಪ್ಪು ಗೆರೆಗಳ ಸಾಲು. ತೊಟ್ಟಿಲಿನಲ್ಲಿಟ್ಟು ವಿದ್ಯುತ್ತು ಕುಡಿಸಿದ್ದಾಯಿತು. ಕಿರುಬೆರಳಿನುದ್ದದ ಗ್ರಾಹಕವನ್ನು ಕಂಪ್ಯೂಟರಿಗೆ ಚುಚ್ಚಿದ್ದಾಯಿತು. ಮೊದಲು ಹಳೆಯ ಪಾಠಗಳನ್ನು ಅಳಿಸುವ ಗೆರೆ, ಆಮೇಲೆ ಗ್ರಾಹಕದೊಡನೆ ನಂಟು ಬೆಸೆಯುವ ಗೆರೆ. ಎರಡನೆಯದಕ್ಕೆ ಗುರಿಯಿಟ್ಟರೆ ಯಂತ್ರ ಅದರ ಕೆಳಗಿನದನ್ನು ಓದಿಕೊಂಡಿತು. ಅದು ಸದ್ದಡಗಿಸುವ ಗೆರೆ! ಅಲ್ಲಿಂದಾಚೆಗೆ ಯಂತ್ರಕ್ಕೆ ಮೌನವ್ರತ. ಓದಿತೋ ಇಲ್ಲವೋ ತಿಳಿಯುವಂತಿಲ್ಲ. ಅರ್ಧ ಗಂಟೆ ಮಗ ಬೆವರಿದ. ಕೊನೆಗೆ ಯಜಮಾನರು ಎದ್ದು ಬಂದು, ರಟ್ಟಿನ ಎರಡು ತುಂಡುಗಳಿಂದ ಮೇಲಿನ ಮತ್ತು ಕೆಳಗಿನ ಗೆರೆಗಳನ್ನು ಮುಚ್ಚಿದರು.

“ನಿನಗೆ ಮಗ್ಗಿ ಕಲಿಸುವಾಗ ಪಕ್ಕದ ಸಾಲನ್ನು ಕೈಯಿಂದ ಮುಚ್ಚುತ್ತಿರಲಿಲ್ಲವೆ?” ಎಂದರು.

ಯಂತ್ರ ಕಲಿಯಿತು. ಆದರೆ ಎರಡು ಪೊಟ್ಟಣ ತೋರಿಸಿದರೆ ಎರಡರ ಅಂಕಿಗಳೂ ಒಂದೇ ಸಾಲಿನಲ್ಲಿ ಅಂಟಿಕೊಂಡು ನಿಂತವು. ಕಂಪ್ಯೂಟರಿನ ದೃಷ್ಟಿಯಲ್ಲಿ ಇದು ಅತಿವೇಗದ ಬೆರಳಚ್ಚುಗಾರನಲ್ಲದೆ ಬೇರೇನೂ ಅಲ್ಲ. ಅಂಕಿಗಳನ್ನು ಒತ್ತಿದ ಮೇಲೆ ‘ಎಂಟರ್’ ಒತ್ತೆಂದು ಹೇಳಿಕೊಡದಿದ್ದರೆ ಒತ್ತುವುದಿಲ್ಲ. ಅದಕ್ಕೂ ಒಂದು ಗೆರೆಯಿತ್ತು. ಮೂವತ್ತೇಳನೆಯ ಪುಟ.

ಬೆಲೆ ಆ ಗೆರೆಗಳಲ್ಲಿ ಅಡಗಿದೆಯೆಂದು ನಂಬಿರುವವರು ಬಹಳ ಮಂದಿ, ಯಜಮಾನರೂ ನಂಬಿದ್ದರು. ಅಲ್ಲಿರುವುದು ಬರಿಯ ಒಂದು ಸಂಖ್ಯೆ. ಅದಕ್ಕೆ ಬೆಲೆ ಕಟ್ಟುವುದು ಅಂಗಡಿಯ ಪಟ್ಟಿ. ಪಟ್ಟಿಯಲ್ಲಿ ತಪ್ಪಿದ್ದರೆ ಯಂತ್ರವೂ ಕೂಗಿ ಹೇಳಿದಷ್ಟು ನಿಸ್ಸಂಕೋಚವಾಗಿ ತಪ್ಪುತ್ತದೆ. 890 ಎಂದು ಮೊದಲಾದರೆ ಸರಕು ಭಾರತದಲ್ಲಿಯೇ ತಯಾರಾಯಿತೆಂದೂ ಅಲ್ಲ, ಸಂಖ್ಯೆಯನ್ನು ಭಾರತದ ಸಂಸ್ಥೆ ಕೊಟ್ಟಿತೆಂದಷ್ಟೆ. ಅಮೆರಿಕದ ವುಡ್‌ಲ್ಯಾಂಡ್ ಎಂಬಾತ ಮಯಾಮಿಯ ಕಡಲತೀರದ ಮರಳಿನಲ್ಲಿ ಮೋರ್ಸ್ ಸಂಕೇತದ ಚುಕ್ಕೆಗಳನ್ನು ಬೆರಳಿನಿಂದ ಕೆಳಕ್ಕೆಳೆದು ಈ ಗೆರೆಗಳನ್ನು ಕಂಡನಂತೆ. ಅವನಿಗೂ ಅವನ ಸಂಗಡಿಗ ಸಿಲ್ವರನಿಗೂ 1952ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಇಂದಿನ ಮಾದರಿಯ ಗೆರೆಯುಳ್ಳ ಸರಕು ಅಂಗಡಿಯ ಯಂತ್ರದ ಮುಂದೆ ಮೊದಲ ಬಾರಿಗೆ ಹಾದದ್ದು 1974ರ ಜೂನ್ 26ರಂದು, ಓಹಾಯೊ ಪ್ರಾಂತದ ಟ್ರಾಯ್ ಎಂಬ ಊರಿನಲ್ಲಿ. ಚ್ಯೂಯಿಂಗ್ ಗಮ್ಮಿನ ಪೊಟ್ಟಣ ಅದು.

ಯಜಮಾನರನ್ನು ಸೆಳೆದುದು ಮಾತ್ರ ಹದಿಮೂರನೆಯ ಅಂಕಿ. ಕೈಪಿಡಿಯ ಮಾದರಿ ಗೆರೆಯ ಕೆಳಗೆ 8901234567890 ಎಂದಿತ್ತು. ಎಡದಿಂದ ಒಂದು ಬಿಟ್ಟು ಒಂದರಂತೆ ಆರು ಅಂಕಿಗಳನ್ನು ಕೂಡಿದರೆ 28. ನಡುವೆ ಬಿಟ್ಟ ಆರನ್ನು ಕೂಡಿದರೆ 34, ಅದರ ಮೂರರಷ್ಟು 102. ಒಟ್ಟು 130. ಮೊತ್ತವನ್ನು ಹತ್ತರ ಅಪವರ್ತ್ಯಕ್ಕೆ ತಲುಪಿಸಲು ಬೇಕಾದ ಅಂಕಿಯೇ ಕೊನೆಯದು, ಇಲ್ಲಿ ಸೊನ್ನೆ. ಒಂದು ಅಂಕಿ ತಪ್ಪಾಗಿ ಓದಿದರೂ ಮೊತ್ತ ಕೆಡುತ್ತದೆ, ಯಂತ್ರ ಅದನ್ನು ಒಪ್ಪುವುದಿಲ್ಲ.

“ಅಂದರೆ ಇದಕ್ಕೂ ತನ್ನ ಕಣ್ಣಿನ ಮೇಲೆ ನಂಬಿಕೆಯಿಲ್ಲ” ಎಂದರು ಯಜಮಾನರು, ಬಹಳ ಹೊತ್ತು ಸುಮ್ಮನಿದ್ದು. ಆ ರಾತ್ರಿ ಮನೆಯಲ್ಲಿದ್ದ ಬಿಸ್ಕತ್ತು, ಸಾಬೂನು, ಹಲ್ಲುಪುಡಿಗಳ ಅಂಕಿಗಳನ್ನೆಲ್ಲ ಬಾಯಲ್ಲೇ ತಾಳೆ ನೋಡಿದರು. ಎಲ್ಲಿಯೂ ತಪ್ಪಲಿಲ್ಲ, ಯಂತ್ರವೂ, ಅವರೂ.

ಉಪಯೋಗ ತಿಳಿದದ್ದು ಮರುವಾರ. ಇಪ್ಪತ್ತೈದು ಕಿಲೋ ಅಕ್ಕಿಯ ಮೂಟೆಯನ್ನು ಮೇಜಿನ ತನಕ ಎತ್ತಿ ತರಬೇಕಾಗಿಲ್ಲ. ಯಂತ್ರವೇ ಮೂಟೆಯ ಬಳಿಗೆ ಹೋಗುತ್ತದೆ. ಮಂಡಿನೋವಿನವರಿಗೆ ಇದು ಸಣ್ಣ ಸಂಗತಿಯಲ್ಲ. ಹಿಂದಿನ ಉಗ್ರಾಣದ ದಪ್ಪ ಗೋಡೆಯಾಚೆ ಮಾತ್ರ ನಂಟು ಕಡಿದು ಅದು ಗೊಣಗುತ್ತಿತ್ತು. ಬಿಡಿಯಾಗಿ ತೂಗುವ ಬೆಲ್ಲ, ಹುಣಿಸೆಹಣ್ಣುಗಳಿಗೆ ಗೆರೆಯೆಲ್ಲಿಂದ ಬರಬೇಕು? ಅವು ಯಜಮಾನರ ಪಾಲಿಗೇ ಉಳಿದವು.

ಇನ್ನೊಂದನ್ನೂ ಅವರೇ ಕಂಡುಹಿಡಿದರು, ತುಸು ಹಿಗ್ಗಿನಿಂದಲೇ. ಒಂದೇ ಪೊಟ್ಟಣಕ್ಕೆ ಎರಡು ಸಲ ಗುಂಡಿಯೊತ್ತಿದರೆ ಯಂತ್ರ ಎರಡು ಸಲ ಕೂಗಿ ಎರಡು ಪೊಟ್ಟಣದ ಹಣ ಬರೆಯುತ್ತದೆ. ಸಂಖ್ಯೆಯನ್ನು ಕಾಯುವ ಹದಿಮೂರನೆಯ ಅಂಕಿ ಎಣಿಕೆಯನ್ನು ಕಾಯದು.

ಸಂಕ್ರಾಂತಿಯ ಹೊತ್ತಿಗೆ ಮೇಷ್ಟ್ರ ಮನೆಯಾಕೆ ಬಂದರು. ಎಣ್ಣೆ, ಸಕ್ಕರೆ, ರವೆ. ಯಂತ್ರ ಮೂರು ಸಲ ಕೂಗಿತು.

“ಇನ್ನು ನಿಮಗೆ ಎಣಿಸುವ ಕಷ್ಟವಿಲ್ಲವಲ್ಲ” ಎಂದರು ಆಕೆ.

ಯಜಮಾನರು ಉತ್ತರಿಸಲಿಲ್ಲ. ಒಂದು ಕಣ್ಣು ಪರದೆಯ ಮೇಲೆ, ತೋರುಬೆರಳು ಪೊಟ್ಟಣಗಳ ಮೇಲೆ: “ಒಂದು, ಎರಡು, ಮೂರು.” ಎಣಿಸಿ ಮುಗಿದ ಮೇಲೆಯೇ ಚೀಲ ಕೊಟ್ಟರು.