ಗಡಿಯ ಮೂರು ಊರು, ಹನ್ನೆರಡು ಹೆಸರು

ಕಲಬುರಗಿಯಿಂದ ಆಳಂದ ದಾಟಿ ಮುಂದೆ ಸಾಗಿದರೆ ರಸ್ತೆ ಬದಿಯ ಫಲಕಗಳ ಅಕ್ಷರ ಬದಲಾಗುತ್ತದೆ. ಹೊಲಗಳು ಬದಲಾಗುವುದಿಲ್ಲ. ಅದೇ ಎರೆಮಣ್ಣು, ಅದೇ ತೊಗರಿ, ಅದೇ ಸೋಯಾಬೀನ್. ಊಟಕ್ಕೆ ಕುಳಿತರೆ ಅದೇ ಜೋಳದ ರೊಟ್ಟಿ. ಅಲ್ಲಿ ಅದನ್ನು ಭಾಕರಿ ಎನ್ನುತ್ತಾರೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ.

ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳ ಬಂಧುಗಳು ಗಡಿಯಾಚೆಯ ಉಮರ್ಗಾ, ನಿಲಂಗಾ ಮತ್ತು ಉದಗೀರ್ ಕಡೆ ನೆಲೆಸಿದ್ದಾರೆ. ಅವರನ್ನು ಕಂಡು ಬರಲೆಂದು ಉಪದೇಶಿಯವರೊಡನೆ ಮೂರು ದಿನಗಳ ಪ್ರವಾಸ ಕೈಗೊಂಡೆವು. ಧರ್ಮಸಭೆಯ ಆಡಳಿತದಲ್ಲಿ ಆ ಭಾಗ ಔರಂಗಾಬಾದ್ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಕ್ರೈಸ್ತ ಮನೆಗಳು ಅಲ್ಲೊಂದು ಇಲ್ಲೊಂದು. ಕೋಟೆ, ಗುಡಿ, ಗವಿಗಳನ್ನು ನೋಡುವ ಆಸೆಯೂ ನಮಗಿತ್ತು. ಅವನ್ನೂ ಕಂಡೆವು. ಆದರೆ ಹೋದ ಮನೆಗಳಲ್ಲೆಲ್ಲ ನಮ್ಮ ಕಿವಿಗೆ ಬಿದ್ದ ಮಾತು ಬೇರೊಂದು: ಹೆಣ್ಣುಮಕ್ಕಳ ಖೋ-ಖೋ ತಂಡದ ಪಟ್ಟಿ.

ಉಮರ್ಗಾ: ಮೈದಾನದ ಅಂಚಿನಲ್ಲಿ

ಉಮರ್ಗಾ ಸೋಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಹಗಲು ರಾತ್ರಿ ಲಾರಿಗಳ ಸದ್ದು. ಸಂಜೆಯ ಹೊತ್ತು ಒಂದು ಶಾಲೆಯ ಮೈದಾನದ ಬಳಿ ನಿಂತೆವು. ಎರಡು ಕಂಬಗಳ ನಡುವೆ ಎಂಟು ಹುಡುಗಿಯರು ಒಬ್ಬರು ಇತ್ತ, ಒಬ್ಬರು ಅತ್ತ ಮುಖಮಾಡಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಒಂಬತ್ತನೆಯವಳು ಬೆನ್ನಟ್ಟುತ್ತಿದ್ದಳು. ಬೆನ್ನಿಗೆ ಕೈ ತಾಗಿಸಿ 'ಖೋ' ಎಂದ ಕ್ಷಣ ಕುಳಿತವಳು ಬಾಣದಂತೆ ಎದ್ದು ಓಡುತ್ತಿದ್ದಳು.

ಈ ಆಟಕ್ಕೆ ಹಣ ಬೇಡ. ಚೆಂಡು ಬೇಡ, ಬ್ಯಾಟು ಬೇಡ, ಬೂಟು ಇಲ್ಲದಿದ್ದರೂ ನಡೆದೀತು. ಧಾರಾಶಿವ ಜಿಲ್ಲೆಯಲ್ಲಿ, ಅಂದರೆ ಹಿಂದಿನ ಉಸ್ಮಾನಾಬಾದಿನಲ್ಲಿ, ಬಡವರ ಮನೆಯ ಹೆಣ್ಣುಮಕ್ಕಳು ಖೋ-ಖೋದಲ್ಲಿ ಹೆಸರು ಮಾಡಿದ್ದು ಹೀಗೆಯೇ. ಈ ಜಿಲ್ಲೆಯ ಸಾರಿಕಾ ಕಾಳೆ 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕಿ. 2020ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಬೆಳೆಯುವ ವಯಸ್ಸಿನಲ್ಲಿ ವರ್ಷಗಟ್ಟಲೆ ದಿನಕ್ಕೆ ಒಂದೇ ಊಟ ಮಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. 2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿ ಧಾರಾಶಿವದ ಅಶ್ವಿನಿ ಶಿಂದೆ ಇದ್ದರು, ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಕೂಡ ಇದ್ದರು.

ಆದ್ದರಿಂದ ಇಲ್ಲಿನ ತಂದೆತಾಯಿಗಳಿಗೆ ಖೋ-ಖೋ ಬರಿಯ ಆಟವಲ್ಲ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಿವೆ. ಮೆಟ್ಟಿಲೇರಿದ ಮಗುವಿಗೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಗರಿಷ್ಠ 25ರವರೆಗೆ ಹೆಚ್ಚುವರಿ ಅಂಕ ಸಿಗುತ್ತದೆ. ಮಹಾರಾಷ್ಟ್ರ ಸರ್ಕಾರದ ನೌಕರಿಗಳಲ್ಲಿ ಅರ್ಹ ಕ್ರೀಡಾಪಟುಗಳಿಗೆ ಶೇಕಡಾ 5ರ ಮೀಸಲಾತಿ ಇದೆ. ತಂಡದ ಪಟ್ಟಿಯಲ್ಲಿ ಹನ್ನೆರಡು ಹೆಸರು. ಕಣಕ್ಕೆ ಇಳಿಯುವವರು ಒಂಬತ್ತು ಮಂದಿ. ಆದರೆ ಬೆಳಗಿನ ಅಭ್ಯಾಸಕ್ಕೆ ಬರುವವರು ಮೂವತ್ತು ನಲವತ್ತು ಹುಡುಗಿಯರು!

ಮೈದಾನದ ಅಂಚಿನಲ್ಲಿ ನಿಂತಿದ್ದ ಒಬ್ಬ ತಂದೆ ನಮ್ಮೊಡನೆ ಕನ್ನಡದಲ್ಲೇ ಮಾತಿಗಿಳಿದರು. "ಸೋತ್ರ ಸೋಲಲಿ ಫಾದರ್ರೇ, ಆಟ ಅಂದ್ಮ್ಯಾಲ ಸೋಲು ಗೆಲುವು ಇರೋದೇ. ನಮ್ಮ ಪೋರಿ ಮೂರು ತಿಂಗಳು ನಸುಕಿನ್ಯಾಗ ಎದ್ದು ಓಡ್ಯಾಳ. ಪಟ್ಟಿಯಾಗ ಹೆಸರು ಯಾಕ ಇಲ್ಲ ಅಂತ ಒಂದು ಮಾತು ಹೇಳಬಾರದೇನ್ರಿ?"

ಅವರ ಹಿಂದೆ ನಿಂತಿದ್ದ ತಾಯಿಯ ದುಃಖ ಇನ್ನೊಂದು ಬಗೆಯದು. "ನಮ್ಮಾಕಿ ಹನ್ನೆರಡರಾಗ ಅದಾಳ್ರಿ, ಒಂಬತ್ತರಾಗ ಇಲ್ಲ. ಪ್ರತಿ ಸಲ ರೊಟ್ಟಿ ಕಟ್ಟಿ ಬಸ್ಸಿಗೆ ಕಳಸ್ತೀನಿ. ಮಣ್ಣು ಹತ್ತಲಾರದ ಬಟ್ಟಿ ಹಂಗೇ ಮನಿಗಿ ಬರ್ತದ."

ಇನ್ನೂ ಕೆಲವರು ಹೇಳಿದ್ದು ಇದು: ಅಭ್ಯಾಸಕ್ಕೆ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ, ಬಟ್ಟೆಗೆ, ಪ್ರಯಾಣಕ್ಕೆ ಎಂದು ಎಲ್ಲರಿಂದಲೂ ಹಣ ತೆಗೆದುಕೊಳ್ಳುತ್ತಾರೆ, ಪಂದ್ಯ ಹತ್ತಿರ ಬಂದಾಗ ಬೇರೆ ಊರಿನ ಚೆನ್ನಾಗಿ ಆಡುವ ಹುಡುಗಿಯರನ್ನು ಶಾಲೆಗೆ ಸೇರಿಸಿಕೊಂಡು ಮುಂದೆ ನಿಲ್ಲಿಸುತ್ತಾರೆ. ಬೆವರು ನಮ್ಮ ಮಕ್ಕಳದು, ಪ್ರಮಾಣಪತ್ರ ಇನ್ನೊಬ್ಬರದು ಎಂಬುದು ಅವರ ನೋವು.

ಈ ನೋವು ಉಮರ್ಗಾಕ್ಕೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನಲ್ಲಿ ಮಗಳನ್ನು ಫುಟ್‌ಬಾಲ್ ಅಕಾಡೆಮಿಗೆ ಸೇರಿಸಿದವರ ಬಾಯಲ್ಲಿ, ಅಮೆರಿಕದಲ್ಲಿ ನೆಲೆಸಿ ಮಗಳನ್ನು ಅಲ್ಲಿನ ಕ್ಲಬ್ಬಿಗೆ ಕಳುಹಿಸುವ ಕನ್ನಡ ಕುಟುಂಬಗಳ ಬಾಯಲ್ಲಿಯೂ ಇದೇ ಮಾತನ್ನು ಕೇಳಿದ್ದೇವೆ. ಆಡಿಸಲು ಆಗುವುದಕ್ಕಿಂತ ಹೆಚ್ಚು ಮಕ್ಕಳ ಹೆಸರು ಬರೆದುಕೊಳ್ಳುವುದು, ವರ್ಷದ ಹಣವನ್ನು ಮೊದಲೇ ತೆಗೆದುಕೊಳ್ಳುವುದು, ಆಮೇಲೆ ಮಗು ಬೆಂಚಿನ ಮೇಲೆ. ಅಲ್ಲಿ ನಷ್ಟವಾಗುವುದು ಡಾಲರು. ಇಲ್ಲಿ ಏನು ನಷ್ಟವಾಗುತ್ತದೆ ಎಂಬುದು ಉದಗೀರಿನಲ್ಲಿ ನಮಗೆ ತಿಳಿಯಿತು.

ನಿಲಂಗಾ ದಾರಿಯಲ್ಲಿ: ಇನ್ನೊಂದು ಪಟ್ಟಿ

ಉಮರ್ಗಾದಿಂದ ಉತ್ತರಕ್ಕೆ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ ಇಲ್ಲಿನ ಭೂಮಿ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆಯೇ ಉರುಳಿದವು. ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ಐವತ್ತೆರಡು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ಆ ಹೊಸ ಊರುಗಳ ಅಗಲವಾದ ಬೀದಿಗಳಲ್ಲಿ ನಡೆದಾಡಿ, ಮೃತರಿಗಾಗಿ ಒಂದು ಕ್ಷಣ ಮೌನವಾಗಿ ಪ್ರಾರ್ಥಿಸಿದೆವು.

ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರ ಮೊಮ್ಮಗಳೂ ಖೋ-ಖೋ ಆಡುವವಳು. ಪಟ್ಟಿಯ ಮಾತು ತೆಗೆದಾಗ ಅವರು ನಕ್ಕರು. "ಪಟ್ಟಿ ನಮಗೇನು ಹೊಸದಲ್ರಿ. ಭೂಕಂಪ ಆದ್ಮ್ಯಾಲ ಯಾರಿಗಿ ಎಷ್ಟು ಮನಿ ಅಂತ ಪಟ್ಟಿ ಆಗಿತ್ತು. ಹೊಲ ಇಲ್ಲದವನಿಗಿ ಸಣ್ಣ ಮನಿ, ಹೊಲ ಇದ್ದವನಿಗಿ ದೊಡ್ಡದು. ಸಿಟ್ಟು ಬಂದಿತ್ತು. ಆದ್ರ ಲೆಕ್ಕ ಏನಂತ ಎಲ್ಲರಿಗೂ ಗೊತ್ತಿತ್ತು. ಈ ಆಟದ ಪಟ್ಟಿಗಿ ಲೆಕ್ಕ ಏನಂತ ಯಾರಿಗೂ ಗೊತ್ತಿಲ್ಲ."

ಅವರ ಮಾತು ನಿಜ. ಪುನರ್ವಸತಿಯಲ್ಲಿ ಜಮೀನಿನ ಅಳತೆಗೆ ತಕ್ಕಂತೆ 250, 450, 750 ಚದರ ಅಡಿಯ ಮನೆಗಳು ಎಂದು ನಿಯಮವಿತ್ತು. ಭೂಮಿಯಿಲ್ಲದವನಿಗೆ ಚಿಕ್ಕ ಮನೆ ಎಂಬುದು ನ್ಯಾಯವೇ ಎಂದು ಕೇಳಬಹುದು, ಕೇಳಬೇಕು ಕೂಡ. ಆದರೆ ಹಾಗೆ ಕೇಳಲು ಸಾಧ್ಯವಾದದ್ದು ನಿಯಮ ಬಹಿರಂಗವಾಗಿದ್ದುದರಿಂದ. ಕಾಣದ ನಿಯಮದೊಡನೆ ಯಾರು ವಾದ ಮಾಡಬಲ್ಲರು? ಆಗ ಉಳಿಯುವುದು ಅನುಮಾನವೊಂದೇ: ಜಾತಿ ನೋಡಿದರೇ, ಹಣ ನೋಡಿದರೇ, ಭಾಷೆ ನೋಡಿದರೇ? ಅನುಮಾನ ಹೊಕ್ಕ ಊರಿನಲ್ಲಿ ಸರಿಯಾದ ಆಯ್ಕೆಯನ್ನೂ ಯಾರೂ ನಂಬುವುದಿಲ್ಲ.

ನಿಲಂಗಾ ತಲುಪಿದಾಗ ಮಧ್ಯಾಹ್ನ. ಅಲ್ಲಿನ ನೀಲಕಂಠೇಶ್ವರ ಗುಡಿಯ ಹಳೆಯ ಕಲ್ಲಿನ ಕೆತ್ತನೆ ನೋಡತಕ್ಕದ್ದು. ಈ ತಾಲ್ಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರ 1970ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕುಸ್ತಿಯಲ್ಲಿ ಚಿನ್ನ ಗೆದ್ದವರು. ಕುಸ್ತಿಯಲ್ಲಿ ಆಯ್ಕೆ ಸುಲಭ, ಯಾರ ಬೆನ್ನು ಮಣ್ಣಿಗೆ ತಾಗಿತು ಎಂಬುದನ್ನು ಊರೆಲ್ಲ ನೋಡುತ್ತದೆ ಎಂದರು ನಮ್ಮ ಉಪದೇಶಿ. ಖೋ-ಖೋದಂಥ ತಂಡದ ಆಟದಲ್ಲಿ ಹಾಗಲ್ಲ. ವೇಗ, ತಿರುಗುವ ಚುರುಕು, ಏಳುವ ಹೊತ್ತು, ಜೊತೆಗಾರರೊಡನೆ ಹೊಂದಾಣಿಕೆ ಎಲ್ಲವನ್ನೂ ಒಬ್ಬ ಶಿಕ್ಷಕರ ಕಣ್ಣು ತೂಗಬೇಕು. ಆದ್ದರಿಂದಲೇ ಆ ಕಣ್ಣು ಕಂಡದ್ದನ್ನು ಬಾಯಿ ಹೇಳಬೇಕು.

ಶಿಕ್ಷಕರ ಕಷ್ಟವನ್ನೂ ಕೇಳಿದೆವು. "ನಲವತ್ತು ಮಕ್ಕಳಿಗೆ ನಾನೊಬ್ಬ. ಕಾರಣ ಹೇಳಿದರೆ ಜಗಳ, ಹೇಳದಿದ್ದರೆ ಗೊಣಗಾಟ. ಗೊಣಗಾಟವಾದರೆ ನನ್ನ ಕಿವಿಗೆ ಬೀಳುವುದಿಲ್ಲ" ಎಂದರು ಒಬ್ಬರು, ಮರಾಠಿಯಲ್ಲಿ. ಗೆದ್ದರೆ ಶಾಲೆಗೆ ಹೆಸರು, ಸೋತರೆ ಮುಖ್ಯೋಪಾಧ್ಯಾಯರ ಮುಂದೆ ಅವರು ನಿಲ್ಲಬೇಕು. ಅವರನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ.

ಉದಗೀರ್: ಪಟ್ಟಿಯಿಂದ ಬಿಟ್ಟುಹೋದವಳು

ನಿಲಂಗಾದಿಂದ ಉದಗೀರಿಗೆ ಹೋಗುವಾಗ ದೇವಣಿ ಸಿಗುತ್ತದೆ. ಕಪ್ಪು ಬಿಳಿ ಮಚ್ಚೆಯ ಪ್ರಸಿದ್ಧ ದೇವಣಿ ದನಗಳ ಸೀಮೆ ಇದು. ಉದಗೀರಿನಲ್ಲಿ ದೊಡ್ಡ ಕೋಟೆಯಿದೆ. 1760ರಲ್ಲಿ ಸದಾಶಿವರಾವ್ ಭಾವೂ ನೇತೃತ್ವದ ಮರಾಠರು ನಿಜಾಮನ ಸೈನ್ಯವನ್ನು ಸೋಲಿಸಿದ್ದು ಈ ಊರಿನ ಬಳಿ. 1956ರವರೆಗೆ ಉದಗೀರ್ ಮತ್ತು ನಿಲಂಗಾ ಎರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಆ ವರ್ಷದ ನವೆಂಬರ್ 1ರಂದು ಜಿಲ್ಲೆ ಹಂಚಿಹೋಯಿತು. ಅವು ಮುಂಬಯಿ ರಾಜ್ಯಕ್ಕೆ ಹೋದವು, ಬೀದರ್ ಇತ್ತ ಉಳಿಯಿತು. ಈಗ ಎರಡೂ ಊರುಗಳು 1982ರಲ್ಲಿ ರಚನೆಯಾದ ಲಾತೂರ್ ಜಿಲ್ಲೆಯಲ್ಲಿವೆ.

ಇಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಪಕ್ಕದಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳಿದ್ದಾಳೆ. ನಾಲ್ಕು ವರ್ಷ ಆಡಿದವಳು. ಈ ಸಲದ ಹನ್ನೆರಡರಲ್ಲಿ ಅವಳ ಹೆಸರಿಲ್ಲ. ಮೈದಾನಕ್ಕೆ ಹೋಗುವುದನ್ನು ಬಿಟ್ಟಿದ್ದಾಳೆ. ನಮಗೆ ಚಹಾ ತಂದುಕೊಟ್ಟು, ತಾಯಿ ಒಳಗೆ ಹೋದ ಮೇಲೆ, ತಗ್ಗಿದ ದನಿಯಲ್ಲಿ ಒಂದೇ ಮಾತು ಹೇಳಿದಳು: "ಆಟ ಇದ್ದಾಗ ಮನ್ಯಾಗ ಯಾರೂ ಲಗ್ನದ ಮಾತು ತೆಗೀತಿರಲಿಲ್ರಿ."

ನಮಗೆ ಗಂಟಲು ಕಟ್ಟಿದಂತಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಮಹಿಳೆಯರಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ಮಹಾರಾಷ್ಟ್ರದಲ್ಲಿ ಶೇಕಡಾ 21.9, ನಮ್ಮ ಕರ್ನಾಟಕದಲ್ಲಿ 21.3. ಗಡಿಯ ಆಚೆಗೂ ಈಚೆಗೂ ವ್ಯತ್ಯಾಸವಿಲ್ಲ. ಇಂಥ ಸೀಮೆಯಲ್ಲಿ ಆಟದ ಪಟ್ಟಿ ಎಂಬುದು ಹೆಣ್ಣುಮಗಳೊಬ್ಬಳು ಶಾಲೆಯಲ್ಲಿ ಉಳಿಯಲು ಇರುವ ಒಂದು ನೆಪ, ಒಂದು ರಕ್ಷೆ. ಹೆಸರು ಬಿಟ್ಟ ಶಿಕ್ಷಕರಿಗೆ ಇದು ಗೊತ್ತೇ ಇರಲಿಕ್ಕಿಲ್ಲ. ಅವರು ಬಿಟ್ಟದ್ದು ಓಟ ನಿಧಾನವಾಯಿತೆಂದು. ಮನೆಯವರು ಓದಿಕೊಂಡದ್ದು 'ಇವಳಿಂದ ಇನ್ನು ಏನೂ ಆಗದು' ಎಂದು. ಒಂದು ಮಾತು ಆಡಿದ್ದರೆ ಈ ತಪ್ಪು ಓದು ತಪ್ಪುತ್ತಿತ್ತು.

ಅದೇ ಊರಿನಲ್ಲಿ ಬೇರೆ ರೀತಿಯನ್ನೂ ಕಂಡೆವು. ಇನ್ನೊಂದು ಶಾಲೆಯ ಶಿಕ್ಷಕಿಯೊಬ್ಬರು ಓಟದ ಸಮಯವನ್ನು ವಾರಕ್ಕೊಮ್ಮೆ ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಪಟ್ಟಿ ಹಾಕುವ ಮುಂಚೆ ಆಯ್ಕೆಯಾಗದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡುತ್ತಾರೆ. ಉಳಿದವರಿಂದ ಎರಡನೆಯ ತಂಡ ಕಟ್ಟಿ ಸುತ್ತಲಿನ ಊರುಗಳೊಡನೆ ಪಂದ್ಯ ಆಡಿಸುತ್ತಾರೆ. ಅಲ್ಲಿಯೂ ಕಣ್ಣೀರು ಇದೆ. ಆದರೆ ಆಟ ಬಿಟ್ಟವರು ಕಡಿಮೆ ಎಂದರು ಅವರು.

ಹನ್ನೆರಡನೆಯ ಸ್ಥಾನ

ಉದಗೀರಿನಿಂದ ಕಮಲನಗರ, ಭಾಲ್ಕಿ ದಾಟಿ ಬೀದರ್ ಕಡೆಗೆ ಬರುವಾಗ ನಮಗೆ ಪ್ರೇಷಿತರ ಕಾರ್ಯಕಲಾಪಗಳ ಮೊದಲನೆಯ ಅಧ್ಯಾಯ ನೆನಪಾಯಿತು. ಅಲ್ಲಿಯೂ ಪಟ್ಟಿಯಲ್ಲಿ ಹನ್ನೆರಡು ಹೆಸರು, ಒಂದು ಸ್ಥಾನ ಖಾಲಿ. ಯೂದನ ಸ್ಥಾನ. ಪೇತ್ರ ಸುಮಾರು ನೂರ ಇಪ್ಪತ್ತು ಮಂದಿಯ ನಡುವೆ ಎದ್ದು ನಿಂತು ಮೊದಲು ಅರ್ಹತೆ ಏನೆಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: ಯೊವಾನ್ನರ ಸ್ನಾನದೀಕ್ಷೆಯ ಕಾಲದಿಂದ ಸ್ವರ್ಗಾರೋಹಣದವರೆಗೆ ಯೇಸುಸ್ವಾಮಿಯ ಸಂಗಡ ಇದ್ದವನಾಗಿರಬೇಕು. ಇಬ್ಬರ ಹೆಸರು ಸಭೆಯ ಮುಂದೆ ಬರುತ್ತದೆ. ಬಾರ್ಸಬ್ಬ ಎನ್ನುವ ಜೋಸೆಫ ಮತ್ತು ಮತ್ತೀಯ. ಪ್ರಾರ್ಥಿಸಿ ಚೀಟಿ ಹಾಕುತ್ತಾರೆ. ಚೀಟಿ ಮತ್ತೀಯನಿಗೆ ಬರುತ್ತದೆ.

ಪ್ರತಿ ವರ್ಷ ಮೇ 14ರಂದು ಸಂತ ಮತ್ತೀಯರ ಹಬ್ಬವನ್ನು ಆಚರಿಸುತ್ತೇವೆ. ಜೋಸೆಫ ಏನಾದ? ಬೈಬಲಿನಲ್ಲಿ ಅವನ ಹೆಸರು ಮತ್ತೆ ಬರುವುದಿಲ್ಲ. ಆದರೆ ಆದಿ ಧರ್ಮಸಭೆಯ ಪಾಪಿಯಾಸ್ ಅವನ ಬಗ್ಗೆ ಒಂದು ಸಂಗತಿಯನ್ನು ದಾಖಲಿಸಿದ್ದನ್ನು ಚರಿತ್ರಕಾರ ಯುಸೇಬಿಯಸ್ ತಿಳಿಸುತ್ತಾರೆ: ವಿಷ ಕುಡಿದರೂ ಪ್ರಭುವಿನ ಕೃಪೆಯಿಂದ ಅವನಿಗೆ ಕೇಡಾಗಲಿಲ್ಲವಂತೆ. ಅಂದರೆ ಆಯ್ಕೆಯಾಗದವನನ್ನು ಧರ್ಮಸಭೆ ಮರೆಯಲಿಲ್ಲ. ಕಾರಣ ತಿಳಿದಿತ್ತು, ಎಲ್ಲರೆದುರು ಆಯ್ಕೆ ನಡೆದಿತ್ತು, ಅವನ ಅರ್ಹತೆಯನ್ನು ಯಾರೂ ಅಲ್ಲಗಳೆಯಲಿಲ್ಲ.

ಪ್ರಿಯ ಕುಟುಂಬಗಳೇ, ಪಟ್ಟಿ ಬರೆಯುವ ಕೈಗಳು ನಮ್ಮಲ್ಲಿಯೂ ಇವೆ. ಗಾಯನ ಮಂಡಳಿಗೆ ಯಾರು, ಬೈಬಲ್ ರಸಪ್ರಶ್ನೆಗೆ ಯಾರು, ಹಬ್ಬದ ನಾಟಕದಲ್ಲಿ ಮರಿಯಮ್ಮನವರ ಪಾತ್ರಕ್ಕೆ ಯಾರು, ಧರ್ಮಪ್ರಾಂತ್ಯದ ಕ್ರೀಡಾಕೂಟಕ್ಕೆ ಯಾರು ಎಂದು ನಾವು ಕೂಡ ಆರಿಸುತ್ತೇವೆ. ಆರಿಸಲೇಬೇಕು, ಎಲ್ಲರಿಗೂ ಎಲ್ಲ ಸ್ಥಾನ ಕೊಡಲಾಗದು. ಆದರೆ ಯಾವುದನ್ನು ನೋಡಿ ಆರಿಸುತ್ತೇವೆ ಎಂದು ಮೊದಲೇ ಹೇಳೋಣ. ಬಿಟ್ಟುಹೋದ ಮಗುವಿಗೆ ನಾವೇ ಹೋಗಿ ತಿಳಿಸೋಣ. ಗೋಡೆಯ ಮೇಲಿನ ಕಾಗದ ತಿಳಿಸುವುದು ಬೇಡ. ಆ ಮಗು ಮರುದಿನ ಎಲ್ಲಿ ನಿಲ್ಲಬೇಕು ಎಂಬುದನ್ನೂ ಯೋಚಿಸಿಟ್ಟುಕೊಳ್ಳೋಣ. ತಂದೆತಾಯಿಗಳಿಗೂ ಒಂದು ಮಾತು: ಶಿಕ್ಷಕರನ್ನು ಕಾರಣ ಕೇಳಿರಿ, ಆದರೆ ಮಗುವಿನ ಎದುರಿಗೆ ಜಗಳ ಬೇಡ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಮಗಳ ಪುಸ್ತಕ ಮುಚ್ಚಿಸಬೇಡಿರಿ.

ಉದಗೀರಿನ ಆ ಹುಡುಗಿಯ ತಂದೆಯೊಡನೆ ಹೊರಡುವ ಮುನ್ನ ನಾವು ಮಾತನಾಡಿದೆವು. ಹನ್ನೆರಡನೆಯ ತರಗತಿ ಮುಗಿಯುವವರೆಗೆ ಮದುವೆಯ ಮಾತು ಬೇಡ ಎಂದು ಕೇಳಿಕೊಂಡೆವು. ಅವರು ಹೂಂ ಎನ್ನಲಿಲ್ಲ, ಉಹುಂ ಎಂದೂ ಅನ್ನಲಿಲ್ಲ. ಅವಳ ಪರೀಕ್ಷೆ ಫೆಬ್ರವರಿಯಲ್ಲಿ. ನಿಮ್ಮ ಸಂಜೆಯ ಜಪಸರದಲ್ಲಿ ಅವಳಿಗಾಗಿ ಒಂದು ನಮೋ ಮರಿಯ ಸೇರಿಸಿರಿ.