ಮಣ್ಣಿನ ಹಂಡೆಯೋ, ಓಕ್ ಪೀಪಾಯಿಯೋ?

ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಿಂದ ಪೂರ್ವಕ್ಕೆ ಹೊರಟ ವಾಹನ 1,600 ಮೀಟರ್ ಎತ್ತರದ ಗೊಂಬೋರಿ ಘಾಟಿಯನ್ನು ಏರಿ ಇಳಿದರೆ ಅಲಜಾನಿ ನದಿಯ ಬಯಲು ತೆರೆದುಕೊಳ್ಳುತ್ತದೆ. ಆಚೆಗೆ ಕಾಕಸಸ್ ಪರ್ವತಗಳ ಸಾಲು, ಈಚೆಗೆ ತೆಲಾವಿ ಪಟ್ಟಣ, ನಡುವೆ ಎತ್ತ ನೋಡಿದರೂ ದ್ರಾಕ್ಷಿ. ಇದು ಕಾಖೇತಿ ಪ್ರಾಂತ. ಕನ್ನಡನಾಡಿನ ಮನೆಗಳಲ್ಲಿ ಉಪ್ಪಿನಕಾಯಿ ಭರಣಿ ಇರುವಂತೆ ಇಲ್ಲಿನ ಹಳ್ಳಿಮನೆಗಳಲ್ಲಿ ವೈನ್ ಕೋಣೆ ಇರುತ್ತದೆ. ಅದರ ಹೆಸರು ಮರಾನಿ.

ಮರಾನಿಯೊಳಗೆ ಕಾಲಿಟ್ಟವರಿಗೆ ನೆಲದಲ್ಲಿ ಕೆಲವು ದುಂಡು ಬಾಯಿಗಳಷ್ಟೇ ಕಾಣುತ್ತವೆ. ಅವುಗಳ ಕೆಳಗೆ ಮೊಟ್ಟೆಯಾಕಾರದ ಮಣ್ಣಿನ ಹಂಡೆಗಳು ಹೂತಿರುತ್ತವೆ. ಇವೇ ಕ್ವೆವ್ರಿಗಳು. ಒಳಮೈಗೆ ಜೇನುಮೇಣದ ಲೇಪ. ಶರತ್ಕಾಲದ ಸುಗ್ಗಿಯಲ್ಲಿ ರಸವನ್ನು ಸಿಪ್ಪೆ, ಬೀಜಗಳ ಸಮೇತ ಇದಕ್ಕೆ ಸುರಿದು, ಹುದುಗುವಿಕೆ ಅಡಗಿದ ಮೇಲೆ ಬಾಯಿ ಮುಚ್ಚಿದರೆ ವಸಂತದವರೆಗೆ ಅದರ ತಂಟೆಗೆ ಹೋಗುವುದಿಲ್ಲ. ಸುತ್ತಲ ನೆಲವೇ ತಂಪುಪೆಟ್ಟಿಗೆ. ಟಿಬಿಲಿಸಿಯ ದಕ್ಷಿಣಕ್ಕಿರುವ ಗದಾಚ್ರಿಲಿ ಗೋರಾದ ಮಡಕೆಚೂರುಗಳಲ್ಲಿ ದ್ರಾಕ್ಷಿಯ ಗುರುತಾದ ಟಾರ್ಟಾರಿಕ್ ಆಮ್ಲ ಸಿಕ್ಕಿರುವುದಾಗಿ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಚೂರುಗಳ ವಯಸ್ಸು ಸುಮಾರು 8,000 ವರ್ಷ!

ತೆಲಾವಿ ಬಳಿಯ ತ್ಸಿನಂದಾಲಿಯಲ್ಲಿ ಕವಿ ಅಲೆಕ್ಸಾಂಡರ್ ಚಾವ್‌ಚಾವಾಡ್ಜೆ 19ನೆಯ ಶತಮಾನದಲ್ಲೇ ಯೂರೋಪಿನ ಪದ್ಧತಿ ತಂದ. ಇಂದು ದೊಡ್ಡ ವೈನ್ ತಯಾರಕರ ನೆಲಮಾಳಿಗೆಗಳಲ್ಲಿ ಓಕ್ ಪೀಪಾಯಿಗಳು ಸಾಲುಗಟ್ಟಿವೆ. ಅವನ್ನು ನೋಡಿದ ಗೃಹಸ್ಥನಿಗೂ ಆಸೆ ಹುಟ್ಟುವುದು ಸಹಜ. ಮನೆಯ ಸಪೆರಾವಿಯನ್ನೂ ಹಾಗೆ ಇಟ್ಟರೆ ಹೇಗೆ? ಸಪೆರಾವಿ ತಿರುಳೂ ಕೆಂಪಾಗಿರುವ ದ್ರಾಕ್ಷಿ; ಅದರ ವೈನ್ ಬಲು ಒಗರು.

ಓಕ್ ಆ ಒಗರನ್ನು ಪಳಗಿಸಬಲ್ಲದು. ಬಿಳಿ ಓಕ್ ಜಾತಿಗಳ ಚೇಗಿನಲ್ಲಿ ನೀರು ಸಾಗಿಸುವ ನಾಳಗಳು ಬಿರಡೆ ಹಾಕಿದಂತೆ ಮುಚ್ಚಿಹೋಗಿರುವುದರಿಂದ ಪೀಪಾಯಿ ಸೋರುವುದಿಲ್ಲ. ಆದರೆ ಆಮ್ಲಜನಕ ಇಷ್ಟಿಷ್ಟೇ ಒಳನುಸುಳಿ ಟ್ಯಾನಿನ್‌ಗಳನ್ನು ಮೆದುಗೊಳಿಸುತ್ತದೆ. ಬೆಂಕಿಗೆ ಕಾಯಿಸಿದ ಹಲಗೆಯಿಂದ ವೆನಿಲಿನ್ ಇಳಿದು ಐಸ್‌ಕ್ರೀಮಿನ ಪರಿಮಳ ಬರುತ್ತದೆ. ವಿದ್ಯಾರ್ಥಿಗಳಿಗೆ ಬೇಕಾದದ್ದು ಈ ರಸಾಯನಶಾಸ್ತ್ರವೇ ಹೊರತು ಲೋಟವಲ್ಲವೆಂದು ಬೇರೆ ಹೇಳಬೇಕಿಲ್ಲ.

ಗಾಳಿ ಬರುವ ಮರದ ಮೂಲಕವೇ ನೀರು, ಮದ್ಯಸಾರಗಳು ಆವಿಯಾಗಿ ಹೊರಹೋಗುತ್ತವೆ. ತೆರವಾದ ಜಾಗದಲ್ಲಿ ಗಾಳಿ ಸೇರಿದರೆ ಅಸಿಟೋಬ್ಯಾಕ್ಟರ್ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಮದ್ಯಸಾರ ಅಸಿಟಿಕ್ ಆಮ್ಲವಾಗಿ, ವರ್ಷದ ದುಡಿಮೆ ವಿನೆಗರ್ ಆದೀತು. ಆಗಾಗ ಮೇಲೆ ವೈನ್ ಸುರಿದು ತುಂಬಿಸುತ್ತಲೇ ಇರಬೇಕು. ನೂರು ಪೀಪಾಯಿ ಇದ್ದವರಿಗೆ ಇದೇನೂ ಕಷ್ಟವಲ್ಲ. ಒಂದೇ ಪೀಪಾಯಿ ಇರುವವನು ಎಲ್ಲಿಂದ ತರಬೇಕು?

ಚಿಕ್ಕದನ್ನು ಕೊಳ್ಳೋಣವೆಂದರೆ ಗಣಿತ ಅಡ್ಡಬರುತ್ತದೆ. ಫ್ರಾನ್ಸಿನ ಬೋರ್ಡೊ ಪೀಪಾಯಿ 225 ಲೀಟರಿನದು. ಅದರ ಎಲ್ಲ ಅಳತೆಗಳನ್ನೂ ಅರ್ಧಕ್ಕಿಳಿಸಿದರೆ ಘನಫಲ ಎಂಟರಲ್ಲೊಂದು ಪಾಲಾಗಿ ಸುಮಾರು 28 ಲೀಟರಿಗೆ ಇಳಿಯುತ್ತದೆ. ಒಳಮೈ ವಿಸ್ತೀರ್ಣ ಮಾತ್ರ ನಾಲ್ಕರಲ್ಲೊಂದು ಪಾಲು. ಅಂದರೆ ಪ್ರತಿ ಲೀಟರಿಗೂ ತಗಲುವ ಮರ ಇಮ್ಮಡಿ! ಮರದ ರುಚಿ ಬೇಗ ಏರುತ್ತದೆ, ಆವಿಯ ನಷ್ಟದ ಪಾಲೂ ಹೆಚ್ಚುತ್ತದೆ. ಮೇಲಾಗಿ ಪೀಪಾಯಿಯನ್ನು ಖಾಲಿ ಬಿಡುವಂತಿಲ್ಲ. ಒಣಗಿದರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ. ಕ್ವೆವ್ರಿಯಾದರೋ ಚೆರಿ ತೊಗಟೆಯ ಕುಂಚದಿಂದ ಉಜ್ಜಿಸಿಕೊಂಡು ಮುಂದಿನ ಸುಗ್ಗಿಯವರೆಗೆ ಸುಮ್ಮನೆ ಕಾಯುತ್ತದೆ.

ಹೀಗಾಗಿ ಕೈಯಲ್ಲಿ ಒಂದೇ ಪೀಪಾಯಿಯಷ್ಟು ವೈನ್ ಇರುವ ಮನೆಗೆ ಓಕ್ ಸಲ್ಲದು. ಆಸೆ ತೀರದಿದ್ದರೆ ಒಂದು ಗಾಜಿನ ಜಾಡಿಯಲ್ಲಿ ಓಕ್ ಚೂರುಗಳನ್ನು ಹಾಕಿ ಕೆಲವು ವಾರ ನೋಡಬಹುದು. ಪರಿಮಳ ಬರುತ್ತದೆ, ಹಲಗೆಯ ಮೂಲಕ ನುಸುಳುವ ಆಮ್ಲಜನಕದ ಕೆಲಸವೊಂದು ಆಗದು. ಕೆಟ್ಟರೂ ಕೆಡುವುದು ಒಂದು ಜಾಡಿ ಮಾತ್ರ.

ವಸಂತದಲ್ಲಿ ಕ್ವೆವ್ರಿಯ ಮುಚ್ಚಳ ತೆಗೆದಾಗ ಸಿಪ್ಪೆ, ಬೀಜಗಳು ಚೂಪಾದ ತಳಕ್ಕಿಳಿದು ಮೇಲೆ ತಿಳಿ ನಿಂತಿರುತ್ತದೆ. ತಿಳಿಯನ್ನು ಬಸಿದುಕೊಂಡ ಮೇಲೆ ಉಳಿದ ಚರಟವನ್ನೂ ಇವರು ಎಸೆಯುವುದಿಲ್ಲ. ಅದನ್ನು ಬಟ್ಟಿ ಇಳಿಸಿ, ಚಾಚಾ ಎಂಬ ಕಟುವಾದ ಪೇಯ ಮಾಡುತ್ತಾರೆ.